ಅತ್ತೆಗೆ ನಾನು ಓದದೆ ಬಿಟ್ಟ ಸಾಲುಗಳು

೧೯೯೮ರ ಮಳೆಗಾಲದ ಮಾತು. ನನ್ನ ಮದುವೆಯಾಗಿ ಮೂರು ವರ್ಷ ಕಳೆದಿತ್ತು, ಮಗನಿಗೆ ಎಂಟು ತಿಂಗಳು. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಒಂದು ಮನೆಯ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆವು. ನಾನು, ನಮ್ಮ ಯಜಮಾನರು, ಮಗು, ನಮ್ಮ ಅತ್ತೆ ಬಸಮ್ಮ. ಯಜಮಾನರು ಕರೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಮೇಲ್ವಿಚಾರಕರಾಗಿದ್ದರು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋದರೆ ಬರುವುದು ಸಂಜೆ, ಕೆಲವು ವಾರ ಎರಡನೇ ಪಾಳಿ. ಮನೆಯಲ್ಲಿ ಇಡೀ ದಿನ ಇರುತ್ತಿದ್ದವರು ನಾವಿಬ್ಬರೇ, ಅತ್ತೆ ಮತ್ತು ನಾನು.

ಅತ್ತೆ ಶಾಲೆ ಕಂಡವರಲ್ಲ. ಮೂಲ ಹರಿಹರದವರು. ಮಾತು ಕಡಿಮೆ, ಬೈಗುಳ ಇಲ್ಲವೇ ಇಲ್ಲ. ಅಂಥವರ ಮೇಲೆ ಅನುಮಾನ ಬರುವುದು ಕಷ್ಟ. ಆದರೆ ಬಂತು.

ಆ ವರ್ಷ ಯುಗಾದಿಯ ಹೊತ್ತಿನಿಂದ ಅವರು ಅಮಾವಾಸ್ಯೆ ಅಮಾವಾಸ್ಯೆಗೆ ಹೊಳೆ ದಂಡೆಯ ಪುಣ್ಯಕ್ಷೇತ್ರ ಉಕ್ಕಡಗಾತ್ರಿಗೆ ಹೋಗತೊಡಗಿದ್ದರು. ಬೆಳಿಗ್ಗೆ ಸ್ನಾನ ಮಾಡಿ, ಕೈಚೀಲ ಹಿಡಿದು ಹರಿಹರದ ಬಸ್ಸು ಹತ್ತುವುದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಗದ್ದುಗೆಗೆ ಹೋಗಿ ದರ್ಶನ ಮಾಡಿಕೊಂಡು ಸಂಜೆಗೆ ಬರುವುದು. ಬಂದವರೇ ಒಂದು ಪೊಟ್ಟಣ ವಿಭೂತಿ ಕೊಟ್ಟು, "ಕೂಸಿನ ಹಣಿಗೆ ಹಚ್ಚು" ಎನ್ನುತ್ತಿದ್ದರು. ನಾನು ಹಚ್ಚುತ್ತಿದ್ದೆ. ಚಿಕ್ಕ ಮಗು ಇದ್ದದ್ದರಿಂದ ಜೊತೆಗೆ ಬರುತ್ತೇನೆಂದು ನಾನು ಹೇಳಲಿಲ್ಲ. ಬಾ ಎಂದು ಅವರೂ ಕರೆಯಲಿಲ್ಲ.

ಆಷಾಢದ ಅಮಾವಾಸ್ಯೆಯ ಮರುದಿನ ಕೆಳಗಿನ ಮನೆಯ ಸುಶೀಲಮ್ಮ ಬಟ್ಟೆ ಒಣಗಿಸಲು ಮಹಡಿಗೆ ಬಂದರು. ಅವರೇ ಮನೆಯ ಮಾಲೀಕರು.

"ನಿಮ್ಮತ್ತಿಗೆ ನಿನ್ನೆ ದರ್ಶನ ಆತಾ ಶೈಲಾ?" ಎಂದು ಕೇಳಿದರು.

"ಚೊಲೋ ಆತಂತ್ರಿ."

"ಅದ್ಹೆಂಗೆ? ನಮ್ಮ ತಮ್ಮನ ಮನಿಯವರೂ ಹೋಗಿದ್ರು. ರಸ್ತಿ ಮ್ಯಾಲೆ ಹೊಳಿ ನೀರು ಬಂದೈತೆ ಅಂತ ಬಸ್ಸು ಅರ್ಧ ದಾರ್ಯಾಗ ತಿರುಗಿಸಿಬಿಟ್ಟರಂತೆ."

ಹಿಂದಿನ ಸಂಜೆ ಅತ್ತೆ ಕೊಟ್ಟ ವಿಭೂತಿ ಇನ್ನೂ ಗೂಡಿನಲ್ಲಿತ್ತು. ಒಳಗೆ ಹೋಗಿ ಪೊಟ್ಟಣ ತಿರುಗಿಸಿ ನೋಡಿದೆ. ಹಳೇ ಪಂಚಾಂಗದ ಹಾಳೆಯಲ್ಲಿ ಕಟ್ಟಿದ್ದು, ಯಾವ ಅಂಗಡಿಯಲ್ಲಿ ಬೇಕಾದರೂ ಸಿಗುವಂಥದ್ದು. ಅತ್ತೆ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ತೂಗುತ್ತಿದ್ದರು. "ನಿನ್ನೆ ಹೊಳಿ ಹೆಂಗಿತ್ತು ಅತ್ತೆ?" ಎಂದೆ.

"ತುಂಬೈತೆ" ಎಂದರು, ತಲೆ ಎತ್ತದೆ.

ಅವತ್ತಿನಿಂದ ನನ್ನ ಕಣ್ಣು ಅವರ ಮೇಲೆ ನೆಟ್ಟಿತು. ಅವರ ತವರಿನಿಂದ ಬಂದ ಒಂದು ಖಾಲಿ ಜಾಗ ಹರಿಹರದಲ್ಲಿ ಅವರ ಹೆಸರಿನಲ್ಲಿತ್ತು. ಅದನ್ನು ಮಗಳ ಹೆಸರಿಗೆ ಮಾಡಿಸಲು ಓಡಾಡುತ್ತಿದ್ದಾರೆಯೇ? ಯಾರ ಮನೆಗೆ ಹೋಗುತ್ತಾರೆ? ಮಗನಿಗೂ ಹೇಳದೆ ಹೋಗುವಂಥದ್ದು ಏನಿದೆ? ಯಜಮಾನರಿಗೆ ಹೇಳಲು ಎರಡು ಸಲ ಬಾಯಿ ತೆರೆದೆ. ಅವ್ವನ ಮೇಲೆ ಅವರಿಗೆ ಬಹಳ ನಂಬಿಕೆ, ಸಾಕ್ಷಿ ಸಿಗಲಿ ಎಂದು ಸುಮ್ಮನಾದೆ.

ಇಲ್ಲಿ ನನ್ನ ಕಡೆಯದನ್ನೂ ಹೇಳಬೇಕು. ಅತ್ತೆಗೆ ಒಬ್ಬಳೇ ಮಗಳು, ನನ್ನ ನಾದಿನಿ ಗಿರಿಜಾ. ಅವಳನ್ನು ಬಾಗಲಕೋಟೆ ಕಡೆಯ ಒಂದು ಊರಿಗೆ ಕೊಟ್ಟಿದ್ದರು. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗಿರಲಿಲ್ಲ. ತಿಂಗಳಿಗೊಂದು ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದಳು. ಅದನ್ನು ಅತ್ತೆಗೆ ಓದಿ ಹೇಳುವುದು, ಅವರು ಹೇಳಿದ್ದನ್ನು ಬರೆದು ಅಂಚೆಗೆ ಹಾಕುವುದು ನನ್ನ ಕೆಲಸ. ಯಜಮಾನರು ಸಂಜೆ ಬಂದು, "ಗಿರಿಜಾ ಏನ್ ಬರದಾಳ?" ಎಂದರೆ, "ಎಲ್ಲಾ ಆರಾಮಂತೆ" ಎನ್ನುತ್ತಿದ್ದೆ. ಅಲ್ಲಿಗೆ ಮುಗಿಯುತ್ತಿತ್ತು.

ಎಲ್ಲಾ ಆರಾಮ ಇರಲಿಲ್ಲ. ಮೊದಲ ಸಲ ಗಿರಿಜಾ, 'ನನ್ನ ತಾಟು ಬೇರೆ ಇಟ್ಟಿದ್ದಾರೆ, ಶುಭಕಾರ್ಯಕ್ಕೆ ನನ್ನನ್ನು ಮುಂದೆ ಬಿಡುವುದಿಲ್ಲ' ಎಂದು ಬರೆದಾಗ, ಓದುತ್ತಿದ್ದ ನಾನು ಆ ಸಾಲು ಹಾರಿಸಿದೆ. ಅತ್ತೆಗೆ ರಕ್ತದೊತ್ತಡ ಇತ್ತು, ಹಿಂದಿನ ವಾರವಷ್ಟೇ ತಲೆ ಸುತ್ತಿ ಬಿದ್ದಿದ್ದರು. ಆ ಸುಳ್ಳಿಗೆ ನನಗೆ ನಾಚಿಕೆಯಿಲ್ಲ. ಆದರೆ ಹಾರಿಸುವುದು ಒಮ್ಮೆ ಸಲೀಸಾದ ಮೇಲೆ ಕಣ್ಣು ತಾನಾಗಿಯೇ ಹಾರುತ್ತದೆ. ಆಮೇಲಿನ ಪತ್ರಗಳಲ್ಲಿ ಮನೆಯವರು ಗಂಡನಿಗೆ ಎರಡನೇ ಹೆಣ್ಣು ನೋಡುತ್ತಿರುವ ಮಾತು ಬಂತು. ಜೂನ್ ತಿಂಗಳ ಪತ್ರದಲ್ಲಿ, 'ಅಣ್ಣನಿಗೆ ಹೇಳಿ ನನ್ನನ್ನು ಕರೆಸಿಕೊಳ್ಳಿರಿ, ಒಂದು ತಿಂಗಳಾದರೂ ಅಲ್ಲಿ ಇರುತ್ತೇನೆ' ಎಂದಿತ್ತು. ಅದನ್ನೂ ನಾನು ಓದಲಿಲ್ಲ.

ಅದು ರಕ್ತದೊತ್ತಡಕ್ಕಲ್ಲ. ಎರಡು ಕೋಣೆಯ ಮನೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ, ಮಕ್ಕಳಿಲ್ಲದ ಅವಳ ಕಣ್ಣು ನನ್ನ ಮಗುವಿನ ಮೇಲೆ ಬೀಳುತ್ತದೆ ಎಂಬ ಭಯ. ನಾನು ಪಿಯುಸಿ ಓದಿದವಳು. ಓದಿದವರ ಹೊಟ್ಟೆಯಲ್ಲೂ ಇಂಥವು ಇರುತ್ತವೆ.

ಆಷಾಢದ ಅಮಾವಾಸ್ಯೆಗೆ ಎರಡು ವಾರ ಮೊದಲೇ ಅತ್ತೆ ನಾಗರಪಂಚಮಿಯ ಮಾತೆತ್ತಿ ಇದ್ದಕ್ಕಿದ್ದಂತೆ ಮಗನನ್ನು ಕೇಳಿದ್ದರು. "ಮಂಜಾ, ಗಿರಿಜಾನ್ನ ಹಬ್ಬಕ್ಕ ಕರ್ಕಂಡು ಬಾರಪ್ಪ."

"ಈಗ ರಜಾ ಕೊಡಲ್ಲ ಬೇ. ಆರಾಮ ಅದೀನಿ ಅಂತ ಬರದಾಳಲ್ಲ. ದೀಪಾವಳಿಗೆ ಕರ್ಕಂಡು ಬಂದ್ರಾತು."

ಅತ್ತೆ ನನ್ನ ಕಡೆ ತಿರುಗಿದರು. "ಹಂಗಾದ್ರ ನೀ ಒಂದು ಕಾಗದ ಬರಿ. ಅವರ ಮನಿಯವರು ಯಾರಾದ್ರೂ ಕರ್ಕಂಡು ಬಂದು ಬಿಡ್ಲಿ. ನಿಮ್ಮವ್ವ ಬಾ ಅಂದಾಳ ಅಂತ ಬರಿ."

ನಾನು ಬರೆದೆ. ಅವರು ಎದುರಿಗೇ ಕುಳಿತಿದ್ದರು. 'ಈ ಸಲ ಪಂಚಮಿಗೆ ಆಗುವುದಿಲ್ಲ. ಹೆಣ್ಣು ಮಕ್ಕಳಿಗೆ ಕಷ್ಟ ಇದ್ದದ್ದೇ, ಹೊಂದಿಕೊಂಡು ಹೋಗು. ಇಂತಿ ನಿನ್ನ ತಾಯಿ' ಎಂದು ಬರೆದು, "ಬರೆದೆ ನೋಡ್ರಿ" ಎಂದು ತೋರಿಸಿದೆ. ಅವರು ಅಕ್ಷರಗಳ ಮೇಲೆ ಒಮ್ಮೆ ಕೈ ಆಡಿಸಿ, "ಅಂಟಿಸು" ಎಂದರು.

ಪಂಚಮಿಗೆ ಗಿರಿಜಾ ಬರಲಿಲ್ಲ. ಅತ್ತೆ ತಂಬಿಟ್ಟಿನುಂಡೆ ಕಟ್ಟಿ ಒಂದು ಡಬ್ಬಿಯಲ್ಲಿ ತೆಗೆದಿಟ್ಟಿದ್ದರು. "ಅವರ ಮನ್ಯಾಗ ಕಳಿಸಿಲ್ಲ ಕಾಣ್ತೈತೆ" ಎಂದೆ. ಅವರು ನನ್ನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು. ಆ ನೋಟ ನನಗೆ ಹಿಡಿಸಲಿಲ್ಲ. ಇವರು ಏನೋ ಮುಚ್ಚಿಡುತ್ತಿದ್ದಾರೆ ಎಂದು ಇನ್ನಷ್ಟು ಗಟ್ಟಿಯಾಯಿತು. ಮುಚ್ಚಿಟ್ಟವಳು ನಾನೆಂಬುದು ಆಗ ನನ್ನ ತಲೆಗೆ ಬರಲೇ ಇಲ್ಲ.

ಮುಂದಿನ ಅಮಾವಾಸ್ಯೆಗೆ ಒಂದು ವಾರವಿತ್ತು. ಅತ್ತೆ ಮಗುವನ್ನೆತ್ತಿಕೊಂಡು ಕೆಳಗೆ ಹೋಗಿದ್ದಾಗ ನಾನು ಅವರ ಟ್ರಂಕು ತೆಗೆದೆ. ಬೀಗ ಇರಲಿಲ್ಲ. ಸೀರೆಗಳ ಕೆಳಗೆ ಒಂದು ಬಿಳಿ ಬಟ್ಟೆಯಲ್ಲಿ ಗಿರಿಜಾಳ ಹಳೇ ಪತ್ರಗಳಿದ್ದವು. ಅವುಗಳ ಜೊತೆ ಎರಡು ಹೊಸ ಇನ್‌ಲ್ಯಾಂಡ್ ಪತ್ರಗಳು, ಖಾಲಿ. ಅಕ್ಷರ ಬಾರದವರಿಗೆ ಖಾಲಿ ಪತ್ರ ಯಾಕೆ? ಯಾರ ಕೈಲೋ ಬರೆಸುತ್ತಿದ್ದಾರೆ. ಏನು ಬರೆಸುತ್ತಿದ್ದಾರೆ? ನನ್ನ ಬಗ್ಗೆಯೇ ಇರಬೇಕು. ಸೀರೆಗಳನ್ನು ಇದ್ದ ಹಾಗೇ ಮಡಿಚಿಟ್ಟು ಮುಚ್ಚಿದೆ. ಎರಡು ದಿನದಲ್ಲಿ ಗಿರಿಜಾಳ ಹೊಸ ಪತ್ರ ಬಂತು. ಅದನ್ನೂ ಮೊದಲಿನಂತೆಯೇ ಓದಿದೆ: ಮಳೆ ಚೆನ್ನಾಗಿದೆ, ಎಲ್ಲರೂ ಕ್ಷೇಮ, ಮಗುವಿಗೆ ಮುದ್ದು. ಅತ್ತೆ ಪತ್ರ ತೆಗೆದುಕೊಂಡು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಅಮಾವಾಸ್ಯೆಯ ದಿನ ಅವರು ಹೊರಟ ಕೂಡಲೇ ನಾನು ಮಗುವನ್ನು ಸುಶೀಲಮ್ಮನ ಹತ್ತಿರ ಬಿಟ್ಟು, "ಹಲ್ಲು ನೋಯ್ತೈತ್ರಿ, ದವಾಖಾನಿಗೆ ಹೋಗಿ ಬರ್ತೀನಿ" ಎಂದೆ. ಇನ್ನೊಂದು ಸುಳ್ಳು. ಬಸ್ಸಿನಲ್ಲಿ ಅತ್ತೆ ಮುಂದೆ ಹೆಂಗಸರ ಸೀಟಿನಲ್ಲಿ ಕುಳಿತಿದ್ದರು. ನಾನು ಹಿಂದಿನ ಬಾಗಿಲಿನಿಂದ ಹತ್ತಿ, ತಲೆಯ ಮೇಲೆ ಸೆರಗು ಹೊದ್ದು, ಗಂಡಸರ ಮಧ್ಯೆ ನಿಂತೆ. ಹರಿಹರ ಬರುವವರೆಗೂ ಅವರ ಬೆನ್ನನ್ನೇ ನೋಡುತ್ತಿದ್ದೆ. ಒಮ್ಮೆಯೂ ಅವರು ತಿರುಗಲಿಲ್ಲ.

ಹರಿಹರದಲ್ಲಿ ಇಳಿದವರು ಉಕ್ಕಡಗಾತ್ರಿ ಬಸ್ಸಿನ ಕಡೆಗೆ ಹೋಗಲೇ ಇಲ್ಲ. ದೇವಸ್ಥಾನದ ಕಡೆಯ ಒಂದು ಓಣಿಗೆ ತಿರುಗಿದರು. ದೂರ ಇಟ್ಟುಕೊಂಡು ನಾನೂ ನಡೆದೆ. ಹೆಂಚಿನ ಒಂದು ಸಣ್ಣ ಮನೆಯ ಮುಂದೆ, 'ಇಲ್ಲಿ ಲಗ್ನಪತ್ರಿಕೆ, ಕರಪತ್ರ, ಬಿಲ್ ಪುಸ್ತಕ ಅಚ್ಚು ಹಾಕಿಕೊಡಲಾಗುವುದು' ಎಂಬ ಬೋರ್ಡಿತ್ತು. ಅತ್ತೆ ಅದರೊಳಗೆ ಹೋದರು. ಅಮಾವಾಸ್ಯೆಯಾದ್ದರಿಂದ ಮಿಷನ್ನು ನಿಂತಿತ್ತು, ಓಣಿಯೂ ಸದ್ದಿಲ್ಲದೆ ಇತ್ತು. ನಾನು ಪಕ್ಕದ ಸಂದಿಯಲ್ಲಿ ಕಿಟಕಿಯ ಮಗ್ಗುಲಿಗೆ ಗೋಡೆಗೊರಗಿ ನಿಂತೆ.

"ಬಾ ಬಸಕ್ಕ. ಬಂತಾ ಕಾಗದ?" ಎಂದಿತು ಒಂದು ಗಂಡು ದನಿ. ವಯಸ್ಸಾದವರ ದನಿ.

"ಬಂದೈತೆ ಪಂಪಣ್ಣ. ಮೊದಲು ಇದನ್ನ ಓದು. ಒಂದಕ್ಷರ ಬಿಡಬ್ಯಾಡ."

ಅವರು ಓದತೊಡಗಿದರು. ಅಕ್ಷರ ಜೋಡಿಸಿ ಅಭ್ಯಾಸವಾದವರು, ಅವಸರವಿಲ್ಲದೆ ಒಂದೊಂದೇ ಪದ. ತೀರ್ಥರೂಪ ತಾಯಿಯವರಿಗೆ ನಮಸ್ಕಾರ, ಮಳೆ ಚೆನ್ನಾಗಿದೆ. ಆಮೇಲೆ ನಾನು ಓದದೆ ಬಿಟ್ಟ ಸಾಲುಗಳು ಒಂದಾದ ಮೇಲೊಂದು ಬಂದವು. ಗಂಡನಿಗೆ ಹೆಣ್ಣು ಗೊತ್ತಾಗಿದೆ. ನನ್ನನ್ನು ಹಿತ್ತಲ ಕೋಣೆಗೆ ಹಾಕಿದ್ದಾರೆ. 'ಅವ್ವಾ, ಪಂಚಮಿಗಾದರೂ ಕರೆಸುತ್ತೀ ಎಂದು ದಿನಾ ಬಾಗಿಲು ನೋಡಿದೆ. ಹೊಂದಿಕೊಂಡು ಹೋಗು ಎಂದು ನೀನೇ ಬರೆಸಿದ ಮೇಲೆ ನಾನು ಇನ್ನು ಯಾರಿಗೆ ಹೇಳಲಿ? ಇನ್ನು ಮುಂದೆ ಇಂಥದ್ದು ಬರೆದು ನಿಮಗೆ ಬೇಸರ ಮಾಡುವುದಿಲ್ಲ.'

"ಆ ಮಾತು ಇನ್ನೊಮ್ಮೆ ಓದು" ಎಂದರು ಅತ್ತೆ.

ಅವರು ಓದಿದರು.

ಆಮೇಲೆ ಅತ್ತೆಯ ದನಿ. ಅಷ್ಟು ಸಣ್ಣ ದನಿಯನ್ನು ನಾನು ಅವರಿಂದ ಯಾವತ್ತೂ ಕೇಳಿರಲಿಲ್ಲ. "ನಾ ಹಂಗ ಬರೆಸಿಲ್ಲ ಪಂಪಣ್ಣ. ಬಾ ಅಂತ ಬರೆಸಿದ್ದೆ. ನನ್ನ ಮುಂದ ಕುಂತು ಬರೆದ್ಲು."

"ಸೊಸಿ?"

"ಹೊಸಾ ಕಾಗದ ತಂದೀನಿ, ನೀ ಬರಿ" ಎಂದಷ್ಟೇ ಅಂದರು ಅತ್ತೆ.

"ತಡಿ, ಬಾಯಾಗ ಎಲಿ ಐತೆ" ಎನ್ನುತ್ತ ಅವರು ಎದ್ದು ಬಂದದ್ದು ನೇರ ನಾನು ನಿಂತಿದ್ದ ಸಂದಿಗೆ. ತಾಂಬೂಲ ಉಗುಳಿ ತಲೆ ಎತ್ತಿದರೆ ನಾನು. ಬೆರಳಿಗೆ ಮಸಿ ಹತ್ತಿದ, ಕನ್ನಡಕದ ಮುದುಕರು. "ಯಾರು ಬೇಕಿತ್ತಮ್ಮ?" ಎಂದರು.

"ಲಗ್ನಪತ್ರಿಕಿ ರೇಟು ಕೇಳಾಕ ಬಂದಿದ್ದೆ. ಆಮೇಲೆ ಬರ್ತೀನ್ರಿ" ಎಂದೆ. ಹೇಗೆ ಅಷ್ಟು ಬೇಗ ಬಾಯಿಗೆ ಬಂತೋ ಗೊತ್ತಿಲ್ಲ. ಬಸ್ ನಿಲ್ದಾಣದವರೆಗೂ ಓಡಿದಂತೆಯೇ ನಡೆದೆ.

ಮನೆಗೆ ಬಂದು ಮಗುವಿಗೆ ಹಾಲು ಕೊಟ್ಟೆ, ಅಡುಗೆ ಮಾಡಿದೆ, ಎಲ್ಲವೂ ಬೇರೆ ಯಾರೋ ಮಾಡಿದಂತೆ ಆಯಿತು. ಯಜಮಾನರಿಗೆ ಆ ವಾರ ಎರಡನೇ ಪಾಳಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅತ್ತೆ ಬಂದರು. ಕಾಲು ತೊಳೆದುಕೊಂಡರು, ಚಾಪೆಯ ಮೇಲೆ ಕುಳಿತರು. ವಿಭೂತಿ ಪೊಟ್ಟಣ ತೆಗೆಯಲಿಲ್ಲ.

"ಯಾರದು ಲಗ್ನ?" ಎಂದರು.

ನಾನು ಚಹಾದ ಲೋಟವನ್ನು ಅವರ ಮುಂದಿಟ್ಟೆ.

"ನಿನ್ನ ದನಿ ನನಗೆ ಗೊತ್ತಾಗಲ್ವಾ ಶೈಲಾ? ಟ್ರಂಕು ತೆಗೆದಿದ್ದೂ ಗೊತ್ತೈತೆ. ಸೀರಿ ಮಡಿಚೋದು ಒಬ್ಬೊಬ್ಬರದು ಒಂದೊಂದು ನಮೂನಿ ಇರ್ತೈತೆ."

"ನಿಮಗೆ ಯಾವಾಗಿಂದ ಅನುಮಾನ ಅತ್ತೆ?" ಎಂದು ಕೇಳಿದೆ. ತಪ್ಪಾಯಿತು ಅನ್ನುವ ಮೊದಲು ಇದನ್ನು ಕೇಳಿದೆ ನೋಡಿ.

"ನನಗ ಓದಾಕ ಬರಲ್ಲ, ಕಣ್ಣು ಕಾಣ್ತಾವ. ಕಾಗದದ ತುಂಬ ಇರುವಿ ಹರಿದಂಗೆ ಬರದಿರ್ತಾಳ, ಅಂಚಿನಾಗೂ ಬಿಟ್ಟಿರಲ್ಲ. ನೀ ನಾಕು ಮಾತು ಓದಿ ಮಡಚ್ತಿದ್ದಿ. ಪಂಪಣ್ಣ ನಮ್ಮ ಓಣ್ಯಾಗ ಆಡಿ ಬೆಳೆದವನು, ಅವನ ಹತ್ರ ಒಯ್ದೆ. ಉಕ್ಕಡಗಾತ್ರಿ ಅಂತ ಸುಳ್ಳು ಹೇಳಿದ್ದು ನಂದೂ ತಪ್ಪ."

"ಇವರಿಗೆ ಯಾಕ ಹೇಳಲಿಲ್ಲ?"

"ಮಂಜಗ ಹೇಳಿದ್ರ ಅವತ್ತ ನಿನ್ನ ತವರಿಗೆ ಕಳಿಸ್ತಿದ್ದ. ಒಬ್ಬಾಕಿ ಅಲ್ಲಿ ಅಳ್ತಾ ಕುಂತಾಳ, ಇನ್ನೊಬ್ಬಾಕಿನೂ ಕುಂದರ್ಸಲಾ? ತಾನ ಓದ್ತಾಳ, ಇವತ್ತಲ್ಲ ನಾಳೆ ಓದ್ತಾಳ ಅಂತ ಕಾದೆ. ಬರೆಯೋದ್ರಾಗೂ ಹಿಂಗ ಮಾಡ್ತಿ ಅಂತ ಅನ್ಕಂಡಿರ್ಲಿಲ್ಲ."

ನಾನು ರಕ್ತದೊತ್ತಡದ ಮಾತು ಎತ್ತಿದೆ. "ಮೊದಲ್ನೇ ಸಲ ಅದಕ್ಕ ಇದ್ದೀತು. ಆಮೇಲೆ?" ಎಂದರು. ಆಗ ನನಗೆ ಅಳು ಬಂತು. ಮಗುವಿಗೆ ದೃಷ್ಟಿಯಾದೀತು ಅಂತ ಹೆದರಿದೆ ಎಂದು ಹೇಳಿಬಿಟ್ಟೆ. ಅತ್ತೆ ಮಲಗಿದ್ದ ಮಗುವಿನ ಕಡೆ ನೋಡಿದರು. ಅದು ಕೆಂಪು ಉಲ್ಲನ್ನಿನ ಟೋಪಿ ಹಾಕಿಕೊಂಡು ಮಲಗಿತ್ತು.

"ಆ ಟೊಪಿಗಿ ಹೆಣೆದು ಕಳಿಸ್ದಾಕಿ ಯಾರು?" ಎಂದರು.

ಗಿರಿಜಾ ಕಳಿಸಿದ್ದು.

ಅವರು ಸೊಂಟದಿಂದ ಒಂದು ಪತ್ರ ತೆಗೆದರು. ನಾನು ಬಂದ ಮೇಲೆ ಪಂಪಣ್ಣನವರ ಕೈಲಿ ಬರೆಸಲು ಶುರುಮಾಡಿ, ಕಿಟಕಿಯ ಹೊರಗೆ ಕೇಳಿದ ನನ್ನ ದನಿ ನೆನೆದು ಅರ್ಧಕ್ಕೇ ನಿಲ್ಲಿಸಿದ್ದು. ನನ್ನ ಮುಂದೆಯೇ ನಾಲ್ಕು ತುಂಡು ಮಾಡಿ ಹರಿದರು. "ಕಾಗದದ್ದು ಸಾಕು. ನೀನು, ಮಂಜ ಇಬ್ರೂ ಹೋಗಿ ಆಕಿನ್ನ ಕರ್ಕಂಡು ಬರ್ರಿ. ಕೂಸು ನನ್ನ ಹತ್ರ ಇರ್ಲಿ. ಹರಿಹರದಾಗ ಆ ಕಡೆ ಊರಿನವರು ಸಿಕ್ಕು ಹಿಂಗಿಂಗೆ ಅಂದ್ರು ಅಂತ ಮಂಜಗ ನಾನು ಹೇಳ್ತೀನಿ."

ಹಾಗೇ ಹೇಳಿದರು. ಯಜಮಾನರು ಮರುದಿನವೇ ರಜೆಗೆ ಹೇಳಿ ಬಂದರು. ನಾನು ಗಿರಿಜಾಳನ್ನು ನೋಡಿದ್ದು ಹಿತ್ತಲ ಕೋಣೆಯಲ್ಲಿ. ಮೂಲೆಯಲ್ಲಿ ಅವಳ ಚೀಲ ಕಟ್ಟಿ ಇಟ್ಟೇ ಇತ್ತು. ಯಾವಾಗ ಕಟ್ಟಿದ್ದಳೋ, ಮೇಲೆ ಧೂಳು ಕುಳಿತಿತ್ತು. ಆ ಮನೆಯವರು ತಡೆಯಲಿಲ್ಲ, ತಡೆದಿದ್ದರೆ ಒಳ್ಳೆಯದಿತ್ತು ಅನ್ನುವಷ್ಟು ಸುಲಭವಾಗಿ ಕಳಿಸಿದರು. ದಾರಿಯುದ್ದಕ್ಕೂ ಅವಳು ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು.

ಮನೆಗೆ ಬಂದ ಮರುದಿನ ಮಧ್ಯಾಹ್ನ ನಾನು ಅಕ್ಕಿ ಆರಿಸುತ್ತಿದ್ದೆ. ಗಿರಿಜಾ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅತ್ತೆಯನ್ನು ಕೇಳಿದಳು. "ಅವ್ವಾ, ಒಂದು ಮಾತು. ಹೊಂದಿಕೊಂಡು ಹೋಗು ಅಂತ ಹೆಂಗೆ ಬರೆಸಿದಿ?"

ನನ್ನ ಬೆರಳು ಅಕ್ಕಿಯಲ್ಲಿ ನಿಂತವು. ಅತ್ತೆ ಈಗ ಹೇಳುತ್ತಾರೆ, ಹೇಳಲಿ ಎಂದುಕೊಂಡೆ. ಹೇಳದಿರಲಿ ಎಂದೂ ಅಂದುಕೊಂಡೆ.

"ನನಗ ಆಗ ಬುದ್ಧಿ ಇರ್ಲಿಲ್ಲವ್ವ. ಬರೆಸಿಬಿಟ್ಟೆ" ಎಂದರು ಅತ್ತೆ. ನನ್ನ ಕಡೆ ನೋಡಲಿಲ್ಲ.

ನಾನು ಮತ್ತೆ ಅಕ್ಕಿ ಆರಿಸಿದೆ. ನಾನು ಮರೆಯಲಾಗದ್ದು ಹರಿಹರದ ಕಿಟಕಿಯಲ್ಲ, ಈ ಮಧ್ಯಾಹ್ನ.

ಗಿರಿಜಾ ಆಮೇಲೆ ಗಂಡನ ಮನೆಗೆ ಹೋಗಲಿಲ್ಲ. ನಮ್ಮಲ್ಲಿ ಒಂದು ವರ್ಷ ಇದ್ದಳು. ಅವಳ ಕಣ್ಣೆದುರೇ ನನ್ನ ಮಗ ನಡೆಯಲು ಕಲಿತ, ಜ್ವರ ಬಂದಾಗ ಅವಳ ಹೆಗಲ ಮೇಲೇ ಮಲಗಿದ. ಹರಿಹರದಲ್ಲಿ ಅವಳಿಗೆ ಶಿಶುವಿಹಾರದಲ್ಲಿ ಕೆಲಸ ಸಿಕ್ಕಿತು. ಅತ್ತೆ ಅವಳ ಜೊತೆ ಅಲ್ಲೇ ಒಂದು ಬಾಡಿಗೆ ಮನೆ ಮಾಡಿಕೊಂಡು ಇದ್ದರು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರೂ ಗಿರಿಜಾ ಅವ್ವನ ಜೊತೆ ಮೊದಲಿನಂತೆ ಇರಲಿಲ್ಲ. ಸಣ್ಣ ಮಾತಿಗೆಲ್ಲ, "ಹೌದು, ನೀ ಹೊಂದ್ಕೊಂಡು ಹೋಗು ಅನ್ನಾಕಿ" ಎಂದು ಚುಚ್ಚುತ್ತಿದ್ದಳು. ನಾನು ಹೋದಾಗಲೂ ಎರಡು ಸಲ ಕೇಳಿದ್ದೇನೆ. ಅತ್ತೆ ನಕ್ಕು ಸುಮ್ಮನಾಗುತ್ತಿದ್ದರು. ಬಸ್ಸಿನಲ್ಲಿ ವಾಪಸು ಬರುವಾಗ, ಮುಂದಿನ ಸಲ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಎಂಟು ವರ್ಷ ಹೀಗೇ ಹೋಯಿತು. ಅತ್ತೆ ತೀರಿಕೊಂಡರು.

ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೋದ ಮೇಲೆ ನಾವಿಬ್ಬರೂ ಪಾತ್ರೆ ಒರೆಸಿ ಇಡುತ್ತಿದ್ದೆವು. ಗಿರಿಜಾ, "ಎಲ್ಲಾ ಮರೀಬಹುದು ಅತ್ತಿಗಿ, ಆ ಕಾಗದ ಒಂದು ಮರೆಯಾಕ ಆಗಲ್ಲ" ಎಂದಳು. ಆಗ ಹೇಳಿದೆ. ಓದದೆ ಬಿಟ್ಟದ್ದು, ಬೇರೆ ಬರೆದದ್ದು, ಮಗುವಿನ ಭಯ, ಟ್ರಂಕು, ಕಿಟಕಿ, ಎಲ್ಲವನ್ನೂ. ಅವಳು ಕೈಯಲ್ಲಿದ್ದ ಬಟ್ಟೆಯಿಂದ ಅದೇ ತಟ್ಟೆಯನ್ನು ಒರೆಸುತ್ತಲೇ ಇದ್ದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ಅವ್ವ ಇದ್ದಾಗ ಹೇಳಬೇಕಿತ್ತು ಅತ್ತಿಗಿ" ಎಂದಳು. "ಆಕಿ ಜತಿ ನಾನು ಒಂದಿನನಾದ್ರೂ ನೆಟ್ಟಗ ಮಾತಾಡ್ತಿದ್ನಲ್ಲ."

ಆ ರಾತ್ರಿಯೇ ಯಜಮಾನರಿಗೂ ಹೇಳಿದೆ. ಅವರು ತಿಂಗಳುಗಟ್ಟಲೆ ನನ್ನೊಡನೆ ಬೇಕಾದ್ದಷ್ಟೇ ಮಾತಾಡಿದರು, ಆಮೇಲೆ ಸರಿಯಾದರು. ಗಿರಿಜಾ ಈಗಲೂ ಹಬ್ಬಕ್ಕೆ ಬರುತ್ತಾಳೆ, ನನ್ನ ಮಗನೆಂದರೆ ಪ್ರಾಣ. ಅವ್ವ ಇದ್ದಾಗ ಹೇಳಬೇಕಿತ್ತು ಎಂಬ ಆ ಮಾತನ್ನು ಮತ್ತೆ ಎತ್ತಿಲ್ಲ. ನಾನು ಮಾತ್ರ ಎಷ್ಟೋ ಸಲ ಅದಕ್ಕೆ ಏನಾದರೂ ಉತ್ತರ ಹುಡುಕಲು ನೋಡಿದ್ದೇನೆ. ಹೊಳೆದ ಉತ್ತರಗಳೆಲ್ಲ ಇನ್ನೊಂದು ಸುಳ್ಳಿನಂತೆಯೇ ಕೇಳಿಸುತ್ತವೆ.